ಆರೋಗ್ಯವಂತರ ರಕ್ತದಲ್ಲಿ ಡಿಎನ್‌ಎ ಹಾನಿ ಅಳೆಯುವುದು ಹೇಗೆ?

ನಮ್ಮ ಕಾಸರಗೋಡಿನ ಎಣ್ಮಕಜೆ ಕಡೆ 2000ದವರೆಗೂ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. ಅದರಿಂದ ಡಿಎನ್‌ಎಗೆ ಪೆಟ್ಟಾಗಿದೆಯಾ ಅಂತ ಹೇಳಬೇಕಾದರೆ, ಆರೋಗ್ಯವಂತರಲ್ಲಿ ಮಾಮೂಲಾಗಿ ಎಷ್ಟಿರುತ್ತದೆ ಅಂತ ಮೊದಲು ಗೊತ್ತಿರಬೇಕು, ಅಲ್ವಾ? ಅದಕ್ಕೆ ಕಾಮೆಟ್ ಪರೀಕ್ಷೆ ಮಾಡಿ, ಅಂದರೆ ಒಂದೊಂದು ಕೋಶದಲ್ಲೂ ಡಿಎನ್‌ಎ ಎಷ್ಟು ತುಂಡಾಗಿದೆ ಅಂತ ನೋಡುವ ಪರೀಕ್ಷೆ.

ಒಪ್ಪಿಗೆ ಪಡೆದು, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕಿದ ಟ್ಯೂಬಿನಲ್ಲಿ ರಕ್ತ ತೆಗೆದು, ಬೆಳಕು ಬೀಳದ ಹಾಗೆ ತಣ್ಣಗಿಟ್ಟು ಅದೇ ದಿನ ಲ್ಯಾಬಿಗೆ ಮುಟ್ಟಿಸಿ. ಬಿಳಿ ರಕ್ತಕಣಗಳನ್ನು 37 ಡಿಗ್ರಿಯ ಅಗರೋಸ್ ಅನ್ನುವ ಜೆಲ್‌ನಲ್ಲಿ ಬೆರೆಸಿ ಸ್ಲೈಡಿಗೆ ಹಾಕಿ. ಕೋಶದ ಪೊರೆ ಒಡೆಯುವ ಲೈಸಿಸ್ ದ್ರಾವಣದಲ್ಲಿ 1 ಗಂಟೆಯಾದರೂ ಇರಲಿ. ಆಮೇಲೆ ಪಿಎಚ್ 13ಕ್ಕಿಂತ ಜಾಸ್ತಿ ಇರುವ, ಅಂದರೆ ತೀವ್ರ ಕ್ಷಾರೀಯ ದ್ರಾವಣದಲ್ಲಿ 20ರಿಂದ 40 ನಿಮಿಷ ಅದ್ದಿಟ್ಟು, ಅದರಲ್ಲೇ ಕರೆಂಟ್ ಹಾಯಿಸಿ. ತುಂಡಾದ ಡಿಎನ್‌ಎ ಧೂಮಕೇತುವಿನ ಬಾಲದ ಹಾಗೆ ಚಾಚಿಕೊಳ್ಳುತ್ತದೆ. ಸ್ಲೈಡಿನ ಕ್ಷಾರ ತಟಸ್ಥಗೊಳಿಸಿ, ಬಣ್ಣ ಹಾಕಿ, ಫ್ಲೋರೊಸೆನ್ಸ್ ಮೈಕ್ರೊಸ್ಕೋಪಿನಲ್ಲಿ ಒಬ್ಬೊಬ್ಬರದ್ದು 100 ಕೋಶ ನೋಡಿ, ಬಾಲದಲ್ಲಿ ಶೇಕಡಾ ಎಷ್ಟು ಡಿಎನ್‌ಎ ಇದೆ ಅಂತ ಬರೆಯಿರಿ. ಸ್ಲೈಡ್ ಯಾರದ್ದು ಅಂತ ನೋಡುವವರಿಗೆ ಗೊತ್ತಿರಬಾರದು.

ಪ್ರತಿ ಸಲ ಹೋಲಿಕೆಗೆ ಅಂತ ಒಂದೇ ಕಂಟ್ರೋಲ್ ಮಾದರಿಯನ್ನೂ ಜೊತೆಗಿಡಿ, ಯಾಕಂದ್ರೆ ವೋಲ್ಟೇಜ್ ಸ್ವಲ್ಪ ಬದಲಾದರೂ ಬಾಲ ಬದಲಾಗುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಜನರ ಜೊತೆ ಕೂತು ಮಾತಾಡುವುದು. ವಯಸ್ಸು, ಬೀಡಿ, ಎಲೆಅಡಿಕೆ ಜೊತೆ ಹೊಗೆಸೊಪ್ಪು, ಇತ್ತೀಚಿನ ಎಕ್ಸ್‌ರೇ, ಜ್ವರ, ತೋಟಕ್ಕೆ ಮದ್ದು ಬಿಟ್ಟದ್ದು, ಎಲ್ಲ ಕೇಳಿ ಬರೆದುಕೊಳ್ಳಿ, ಯಾಕಂದ್ರೆ ಇವುಗಳಿಂದಲೂ ಫಲಿತಾಂಶ ಬದಲಾಗಬಹುದು.