ಕೋಟೆಯ ಬಂಡೆಯ ಮೇಲೆ ಗಾಜಿನ ಹಲಗೆ: ನನ್ನ ಅನುಭವ

ದಾವಣಗೆರೆಯಲ್ಲಿ ಆಮಂತ್ರಣ ಪತ್ರಿಕೆ, ಫ್ಲೆಕ್ಸ್, ಅಂಗಡಿ ಬೋರ್ಡುಗಳ ವಿನ್ಯಾಸ ನನ್ನ ಕಸುಬು. ಕಾಲೇಜಿನ ಸಮಾರಂಭವಿರಲಿ, ಸಂಘದ ವಾರ್ಷಿಕೋತ್ಸವವಿರಲಿ, ಹಿನ್ನೆಲೆಗೆ ಚಿತ್ರದುರ್ಗದ ಕೋಟೆಯೇ ಬೇಕೆನ್ನುವವರು ಬಹಳ. ಫೋಟೊ ಸಿಗುವುದು ಸುಲಭ, ಆ ಬಂಡೆಗಳ ಮೇಲೆ ಕನ್ನಡ ಅಕ್ಷರ ನಿಲ್ಲಿಸುವುದು ಕಷ್ಟ. ಕಲ್ಲುಗಳ ಸಂದು, ಬಿರುಕು, ನಡುವೆ ಬೆಳೆದ ಹುಲ್ಲು ಎಲ್ಲವೂ ಸಣ್ಣ ಗೆರೆಗಳು. ನಮ್ಮ ಒತ್ತಕ್ಷರ, ಕೊಂಬು, ಸುಳಿಗಳೂ ಸಣ್ಣ ಗೆರೆಗಳೇ. ‘ಸ್ವಾಗತ’ದ ಒತ್ತು ಬಂಡೆಯ ಬಿರುಕಿನೊಳಗೆ ಮಾಯವಾಗುತ್ತದೆ. ಹಿಂದೆ ಗಟ್ಟಿ ಬಣ್ಣದ ಪಟ್ಟಿ ಹಾಕಿದರೆ ಅಕ್ಷರವೇನೋ ಕಾಣುತ್ತದೆ, ಕೋಟೆ ಮುಚ್ಚಿಹೋಗುತ್ತದೆ. ಎರಡನ್ನೂ ಉಳಿಸಿಕೊಡುವುದು ಮಸುಕು ಗಾಜು, ಬಚ್ಚಲಿನ ಕಿಟಕಿಗೆ ಹಾಕುವಂಥದ್ದು.

ಅಂಥ ಗಾಜಿನ ನೋಟವನ್ನು ನಾನು ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಮಾಡುತ್ತೇನೆ. ತಂತ್ರಾಂಶ ಉಚಿತ, ಯೂನಿಕೋಡ್ ಕನ್ನಡದ ಒತ್ತಕ್ಷರಗಳೂ ಅದರಲ್ಲಿ ಒಡೆಯದೆ ಕೂರುತ್ತವೆ. ಫೋಟೊಶಾಪ್‌ನಲ್ಲೂ ಕೆಲಸದ ಕ್ರಮ ಹೆಚ್ಚುಕಡಿಮೆ ಇದೇ.

ಫೋಟೊದ ಲೇಯರ್ ಅನ್ನು, ಅಂದರೆ ಪದರವನ್ನು, ನಕಲು ಮಾಡಿ, ಆ ನಕಲಿಗೆ ಪೂರ್ತಿಯಾಗಿ ಗಾಸಿಯನ್ ಬ್ಲರ್, ಅಂದರೆ ಚಿತ್ರವನ್ನು ಮಸುಕಾಗಿಸುವ ಫಿಲ್ಟರ್, ಕೊಡುತ್ತೇನೆ. 300 ಡಿಪಿಐನ (ಇಂಚಿಗೆ 300 ಚುಕ್ಕೆ) ಎ5 ಪತ್ರಿಕೆಯೆಂದರೆ 1748 ಗುಣಿಲೆ 2480 ಪಿಕ್ಸೆಲ್. ಅದಕ್ಕೆ 30ರಿಂದ 40 ಪಿಕ್ಸೆಲ್ ಬ್ಲರ್ ಸಾಕಾಗುತ್ತದೆ. ಸಂಖ್ಯೆಗಿಂತ ಕಣ್ಣನ್ನು ನಂಬುವುದು ಮೇಲು: ಬತೇರಿಯ (ಕೋಟೆಯ ಬುರುಜಿನ) ಆಕಾರ ತಿಳಿಯಬೇಕು, ಕಲ್ಲುಗಳ ಸಂದು ತಿಳಿಯಬಾರದು. ಆಮೇಲೆ ಮೂಲೆ ದುಂಡಾದ ಆಯತವನ್ನು ಸೆಲೆಕ್ಟ್ ಮಾಡಿ, ಆ ಸೆಲೆಕ್ಷನ್ನಿನಿಂದಲೇ ಲೇಯರ್ ಮಾಸ್ಕ್, ಅಂದರೆ ಆಯತದ ಹೊರಗಿನ ಮಸುಕನ್ನು ಮರೆಮಾಡುವ ಮುಸುಕು, ಹಾಕುತ್ತೇನೆ. ಈ ಕ್ರಮ ತಿರುಗುಮುರುಗಾಗಬಾರದು. ತುಂಡನ್ನು ಮೊದಲು ಕತ್ತರಿಸಿಕೊಂಡು ಬ್ಲರ್ ಕೊಟ್ಟರೆ ಅದರ ಅಂಚೂ ಕರಗಿ, ಗಾಜಿನ ಬದಲು ಹೊಗೆಯ ತುಣುಕು ಉಳಿಯುತ್ತದೆ.

ಬ್ಲರ್ ಅಕ್ಕಪಕ್ಕದ ಬಣ್ಣಗಳ ಸರಾಸರಿ ತೆಗೆಯುವುದರಿಂದ ಬಂಡೆಯ ನಸುಗೆಂಪು, ಹುಲ್ಲಿನ ಹಸಿರು ಎರಡೂ ಸಪ್ಪೆಯಾಗುತ್ತವೆ. ಸ್ಯಾಚುರೇಶನ್ (ಬಣ್ಣದ ಗಾಢತೆ) ಸ್ವಲ್ಪ ಏರಿಸಿದರೆ ಜೀವ ಬರುತ್ತದೆ. ಅದರ ಮೇಲೆ ಅದೇ ಆಕಾರದ ಬಿಳಿ ಲೇಯರ್, ಶೇ 15ರಷ್ಟು ಅಪಾರದರ್ಶಕತೆಯಲ್ಲಿ. ಅಕ್ಷರ ಬಿಳಿಯದಾದರೆ ಈ ಲೇಯರ್ ಕಪ್ಪಾಗಿರಬೇಕು.

ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. ನನ್ನ ದೃಷ್ಟಿಯಲ್ಲಿ ಅದಿನ್ನೂ ಮಸುಕಾದ ಚೌಕ, ಗಾಜಲ್ಲ. ಗಾಜು ಗಾಜೆಂದು ಕಾಣುವುದು ಅಂಚಿನಲ್ಲಿ.

ನನ್ನ ಮೇಜಿನ ಮೇಲೊಂದು ದಪ್ಪ ಗಾಜು ಹಾಸಿದೆ, ಅದರಡಿ ದರಪಟ್ಟಿ, ದೇವರ ಪಟ, ಕಾಗದದ ಮಾದರಿಗಳು. ನೇರವಾಗಿ ಮೇಲಿನಿಂದ ನೋಡಿದರೆ ಗಾಜು ಇರುವುದೇ ಗೊತ್ತಾಗುವುದಿಲ್ಲ. ನೇರ ಬಿದ್ದ ಬೆಳಕಿನಲ್ಲಿ ಒಂದೊಂದು ಮೈಯಿಂದ ಮರಳುವುದು ಸುಮಾರು ಶೇ 4 ಮಾತ್ರ. ಕುರ್ಚಿಯಲ್ಲಿ ತಗ್ಗಿ ಕೂತು ಓರೆಯಾಗಿ ನೋಡಿದರೆ ಟ್ಯೂಬ್‌ಲೈಟ್ ಇಡಿಯಾಗಿ ಅದರಲ್ಲಿ ಮೂಡುತ್ತದೆ. ಕತ್ತರಿಸಿದ ಬದಿಯಂತೂ ಪಾಚಿ ಹಸಿರು. ಸಾಧಾರಣ ಗಾಜಿನಲ್ಲಿರುವ ಕಬ್ಬಿಣದ ಅಂಶದಿಂದ ಬರುವ ಬಣ್ಣ ಅದು. ಅಂಚು ದಾಟುವ ಕಡೆ ದರಪಟ್ಟಿಯ ಗೆರೆ ಮುರಿದಂತೆ ಪಕ್ಕಕ್ಕೆ ಸರಿದಿದೆ.

ಹೊಳಪು, ಹಸಿರು, ಸರಿದ ಗೆರೆ, ಈ ಮೂರನ್ನೂ ಪರದೆಗೆ ತರುತ್ತೇನೆ. ಅಂಚಿನುದ್ದಕ್ಕೂ ತೆಳು ಬಿಳಿ ಗೆರೆ, ಆದರೆ ನಾಲ್ಕೂ ಕಡೆ ಒಂದೇ ಸಮನಾಗಿ ಅಲ್ಲ. ಕೋಟೆಯ ಬಂಡೆಗಳ ಮೇಲೆ ಬಿಸಿಲು ಯಾವ ಕಡೆಯಿಂದ ಬಿದ್ದಿದೆಯೋ ಆ ಕಡೆಯ ಗೆರೆ ಪ್ರಖರ, ಎದುರು ಬದಿಯದು ಆರಿದಂತೆ. ಆ ಗೆರೆಯ ಮಾಸ್ಕ್‌ಗೆ ಗ್ರೇಡಿಯೆಂಟ್ (ಬಿಳಿಯಿಂದ ಕಪ್ಪಿಗೆ ಮೆಲ್ಲಗೆ ತಿರುಗುವ ಛಾಯೆ) ಎಳೆದರೆ ಇದು ಸಿಗುತ್ತದೆ. ಬಂಡೆಯ ನೆರಳು ಬಲಕ್ಕಿದ್ದು ಗಾಜಿನ ಹೊಳಪೂ ಬಲಕ್ಕೇ ಇದ್ದರೆ, ಕಾರಣ ತಿಳಿಯದವರಿಗೂ ಅದು ಅಂಟಿಸಿದ್ದೆಂದು ಅನ್ನಿಸಿಬಿಡುತ್ತದೆ. ಗೆರೆಯ ಒಳಮಗ್ಗುಲಿಗೆ ಹಸಿರಿನ ಛಾಯೆ, ಕಂಡೂ ಕಾಣದಷ್ಟು.

ಸರಿದ ಗೆರೆಗೆ ಡಿಸ್‌ಪ್ಲೇಸ್ ಫಿಲ್ಟರ್ ಇದೆ. ಅದಕ್ಕೆ ಒಂದು ಬೂದು ಚಿತ್ರ ಕೊಡಬೇಕು: ಕಪ್ಪು 0, ಬಿಳಿ 255 ಎಂಬ ಅಳತೆಯಲ್ಲಿ 128ರ ನಡುಬೂದು ಇದ್ದಲ್ಲಿ ಚಿತ್ರ ಕದಲುವುದಿಲ್ಲ, ಅದಕ್ಕಿಂತ ಬೆಳ್ಳಗಿದ್ದಲ್ಲಿ ಒಂದು ದಿಕ್ಕಿಗೆ, ಕಪ್ಪಗಿದ್ದಲ್ಲಿ ವಿರುದ್ಧ ದಿಕ್ಕಿಗೆ ಸರಿಯುತ್ತದೆ. ನಡುವೆಲ್ಲ ಬೂದು ತುಂಬಿ, ಅಂಚಿನ ಪಟ್ಟಿಯನ್ನು ಮಾತ್ರ ಒಂದು ಬದಿ ಬಿಳಿಗೂ ಇನ್ನೊಂದು ಬದಿ ಕಪ್ಪಿಗೂ ತಿರುಗಿಸುತ್ತೇನೆ. ಗೋಡೆಯ ಸಾಲು ಗಾಜಿನ ಹತ್ತಿರ ಬಂದು ಕೊಂಚ ಬಾಗುತ್ತದೆ. ಆ ಬಾಗು ಕಂಡಾಗ ನನಗೆ ಈಗಲೂ ಖುಷಿಯಾಗುತ್ತದೆ. ಗಾಜಿಗೆ ದಪ್ಪ ಬರುವುದು ಆ ಕ್ಷಣದಲ್ಲಿ.

ಕೊನೆಗೆ ಚೂರು ನಾಯ್ಸ್, ಅಂದರೆ ಚದುರಿದ ಸಣ್ಣ ಚುಕ್ಕೆಗಳು. ಆಕಾಶದ ಭಾಗ ಬ್ಲರ್ ಆದಾಗ ನುಣುಪಾಗಿ ಹೋಗಬೇಕಾದ ಬಣ್ಣ ಪಟ್ಟೆಪಟ್ಟೆಯಾಗಿ ಒಡೆಯುವುದುಂಟು. ನಾಯ್ಸ್ ಅದನ್ನು ಮರೆಸುತ್ತದೆ, ಮಸುಕು ಗಾಜಿನ ಮರಳುತನವನ್ನೂ ಕೊಡುತ್ತದೆ.

ಮುದ್ರಣಕ್ಕೆ ಹೋಗುವ ಕೆಲಸವಾದರೆ ಅಂಚಿನ ಗೆರೆಯ ದಪ್ಪ ನೋಡಿಕೊಳ್ಳಿ. 300 ಡಿಪಿಐಯಲ್ಲಿ ಒಂದು ಪಿಕ್ಸೆಲ್ ಅಂದರೆ 0.085 ಮಿಲಿಮೀಟರ್, ಕಾಗದದ ಮೇಲೆ ಅದು ಇಲ್ಲವೆಂದೇ ಲೆಕ್ಕ. ನಾನು ನಾಲ್ಕೈದು ಪಿಕ್ಸೆಲ್ ಇಡುತ್ತೇನೆ. ಮೊಬೈಲಿನಲ್ಲಿ ಕಳಿಸುವ ಚಿತ್ರಕ್ಕೆ ಬೇರೆ ಪ್ರತಿ, ತೆಳು ಗೆರೆಯದು.

‘ಗಾಜನ್ನು ಸ್ವಲ್ಪ ಕೆಳಗಿಳಿಸಿ, ಬತೇರಿ ಕಾಣಲಿ’ ಎಂದು ಗ್ರಾಹಕರು ಹೇಳಿಯೇ ಹೇಳುತ್ತಾರೆ. ಆಗ ಬ್ಲರ್ ಆದ ಲೇಯರ್ ಅನ್ನೇ ಎಳೆಯಬಾರದು. ಗಾಜಿನೊಳಗಿನ ಬಂಡೆ ಒಂದು ಕಡೆ, ಹೊರಗಿನ ಬಂಡೆ ಇನ್ನೊಂದು ಕಡೆ ಆಗುತ್ತದೆ. ಮಾಸ್ಕ್ ಅಳಿಸಿ ಹೊಸ ಜಾಗದಲ್ಲಿ ಆಯತ ಎಳೆದು ಮತ್ತೆ ಮಾಸ್ಕ್ ಹಾಕುತ್ತೇನೆ. ಬಿಳಿ ಲೇಯರ್, ಅಂಚಿನ ಗೆರೆ, ಅಕ್ಷರಗಳನ್ನು ಮಾತ್ರ ಅದರ ಜೊತೆಗೆ ಸರಿಸುತ್ತೇನೆ.