ಸಹಿ ಹಾಕಿಸಿಕೊಳ್ಳುವ ತರಬೇತಿಗೆ ವಿದಾಯ

ಬೆಂಗಳೂರಿನ ಒಂದು ಸಂಶೋಧನಾ ಲ್ಯಾಬ್‌ನಲ್ಲಿ ನಾನು ಸುರಕ್ಷತೆಯ ಕೆಲಸ ನೋಡಿಕೊಳ್ಳುತ್ತೇನೆ. ಮೊದಲೆಲ್ಲ ನಮ್ಮಲ್ಲಿ ಸುರಕ್ಷತಾ ತರಬೇತಿ ಅಂದರೆ ಹೊಸ ವಿದ್ಯಾರ್ಥಿಗಳು ಸೇರಿದಾಗ ಇಂಗ್ಲಿಷ್‌ನಲ್ಲಿ ಒಂದು ಭಾಷಣ, ಟೀ, ರಿಜಿಸ್ಟರ್‌ನಲ್ಲಿ ಸಹಿ. ಲೇಸರ್ ಬಳಸುವವರಿಗೂ ಎಚ್‌ಎಫ್ (ಹೈಡ್ರೋಫ್ಲೋರಿಕ್) ಆಸಿಡ್ ಬಳಸುವವರಿಗೂ ಅವೇ ಸ್ಲೈಡುಗಳು. 2018ರ ಡಿಸೆಂಬರ್‌ನಲ್ಲಿ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಲ್ಯಾಬ್ ಒಂದರಲ್ಲಿ ಸ್ಫೋಟವಾಗಿ ಸಂಶೋಧಕರೊಬ್ಬರು ತೀರಿಕೊಂಡರು. ನಿಯಮ ಬದಲಿಸಲೇಬೇಕು ಅಂತ ನಾವು ಕೂತಿದ್ದು ಅದಾದ ಮೇಲೆ.

ಯಾರು ಏನನ್ನು ಮುಟ್ಟುತ್ತಾರೆ ಅಂತ ಮೊದಲು ಪಟ್ಟಿ ಮಾಡಿದೆ. ಸಿಲಿಂಡರ್ ಉರುಳಿಸಿ ತರುವ ಹುಡುಗರು, ವೇಸ್ಟ್ ಕ್ಯಾನ್ ಎತ್ತುವ ಅಕ್ಕಂದಿರು, ಲಿಕ್ವಿಡ್ ನೈಟ್ರೋಜನ್ (ವಿಪರೀತ ತಣ್ಣಗಿನ ದ್ರವ ಸಾರಜನಕ) ತುಂಬಿಸಿ ತರುವ ಹೆಲ್ಪರ್ – ಇವರ್ಯಾರ ಹೆಸರೂ ರಿಜಿಸ್ಟರ್‌ನಲ್ಲಿ ಇರಲಿಲ್ಲ. ಎಲ್ಲರೂ ಗುತ್ತಿಗೆಯವರು, ಅದಕ್ಕೆ.

ಹೆಲ್ಪರ್ ಆ ದ್ರವ ತುಂಬಿದ 25 ಲೀಟರಿನ ಡ್ಯೂವರ್ (ಥರ್ಮಾಸ್ ಥರದ ಪಾತ್ರೆ) ಜೊತೆ ತಾನೂ ಲಿಫ್ಟ್ ಹತ್ತುತ್ತಿದ್ದ. ‘ಹಾಗೆ ಹೋಗಬೇಡಪ್ಪ’ ಅಂದರೆ, ‘ಬರೀ ಗಾಳಿ ಅಲ್ವಾ ಸಾರ್, ವಾಸನೇನೂ ಇಲ್ಲ’ ಅಂದ. ಕಷ್ಟ ಇರೋದೇ ಅಲ್ಲಿ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲವಾಗುತ್ತೆ. ಲಿಫ್ಟ್ ನಿಂತು, ಡ್ಯೂವರ್ ಸೋರಿದರೆ ಒಳಗಿನ ಆಮ್ಲಜನಕ ಉಳಿಯಲ್ಲ. ಉಸಿರು ಕಟ್ಟಿದ ಹಾಗೂ ಅನಿಸಲ್ಲ. ಆ ಸಂಕಟ ಹುಟ್ಟೋದು ಮುಖ್ಯವಾಗಿ ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಂಡಾಗ. ಇಲ್ಲಿ ಅದು ಉಸಿರಿನ ಜೊತೆ ಹೊರಗೆ ಹೋಗ್ತಾನೇ ಇರುತ್ತೆ. ಮನುಷ್ಯ ಸುಮ್ನೆ ಕುಸಿದುಬಿಡ್ತಾನೆ. ಇದನ್ನು ಕನ್ನಡದಲ್ಲಿ, ಲಿಫ್ಟ್ ಬಾಗಿಲಲ್ಲೇ ನಿಂತು ಹೇಳಿದೆ. ಈಗ ಡ್ಯೂವರ್ ಮಾತ್ರ ಲಿಫ್ಟ್‌ನಲ್ಲಿ, ‘ಒಳಗೆ ಬರಬೇಡಿ’ ಅನ್ನೋ ಬೋರ್ಡ್ ಸಮೇತ. ಕೆಳಗೆ ಒಬ್ಬ ಕಳಿಸ್ತಾನೆ, ಮೇಲೆ ಇನ್ನೊಬ್ಬ ಇಳಿಸಿಕೊಳ್ತಾನೆ.

ವಿದ್ಯಾರ್ಥಿಗಳ ತರಬೇತಿಯನ್ನು ಕೆಲಸದ ಪ್ರಕಾರ ಒಡೆದೆವು. ಎಲ್ಲರಿಗೂ ಬೇಕಾದ ಭಾಗ ಚಿಕ್ಕದು: ಬೆಂಕಿ, ಐವಾಶ್ (ಕಣ್ಣು ತೊಳೆಯುವ ನಲ್ಲಿ), ಹೊರಗೆ ಓಡುವ ದಾರಿ. ಉಳಿದದ್ದು ಅವರವರ ಕೆಲಸಕ್ಕೆ ತಕ್ಕ ಹಾಗೆ. ಎಚ್‌ಎಫ್ ಬಳಸುವವರು ಆ ಆಸಿಡ್ ಚರ್ಮಕ್ಕೆ ತಾಗಿದರೆ ತೊಳೆದು ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಎಲ್ಲಿದೆ ಅಂತ ಬಾಯಲ್ಲಿ ಹೇಳಿದರೆ ಸಾಲದು, ಹೋಗಿ ತಂದು ತೋರಿಸಬೇಕು. ಹಾಗೆ ತರಿಸಿದಾಗಲೇ ಗೊತ್ತಾಗಿದ್ದು, ಜೆಲ್ ಆಫೀಸಿನ ಬೀರುವಿನಲ್ಲಿದೆ, ಬೀಗದ ಕೈ ಸಂಜೆ ಮನೆಗೆ ಹೋಗುತ್ತೆ ಅಂತ. ನಮ್ಮ ಹುಡುಗರು ಆಸಿಡ್ ಕೆಲಸ ಮಾಡೋದು ರಾತ್ರಿ! ಈಗ ಟ್ಯೂಬ್ ಫ್ಯೂಮ್ ಹುಡ್ (ವಿಷದ ಹೊಗೆ ಹೊರಗೆಳೆಯುವ ಕಪಾಟು) ಪಕ್ಕದ ಗೋಡೆಯಲ್ಲಿದೆ, ಎಕ್ಸ್‌ಪೈರಿ ತಾರೀಕು ಎದುರಿಗೇ ಕಾಣುವ ಹಾಗೆ.

ಪ್ರೊಫೆಸರುಗಳು ಗೊಣಗಿದರು. ‘ಇಷ್ಟೆಲ್ಲ ಮಾಡಿದರೆ ರಿಸರ್ಚ್ ಯಾವಾಗ?’ ವಾದಕ್ಕೆ ಇಳಿಯಲಿಲ್ಲ. ಕೈಯಲ್ಲಿ ಮಾಡಿ ತೋರಿಸುವ ಭಾಗವನ್ನು ಆಯಾ ಲ್ಯಾಬ್‌ನ ಸೀನಿಯರ್ ವಿದ್ಯಾರ್ಥಿಗಳಿಗೇ ವಹಿಸಿದೆವು. ಅವರು ಒಪ್ಪಿದ ಮೇಲೇ ಆ ಕೋಣೆಯ ಬಾಗಿಲು ತೆರೆಯಲು ಹೊಸಬರ ಕಾರ್ಡ್ ಕೆಲಸ ಮಾಡುತ್ತೆ. ಹೊಸ ಕೆಮಿಕಲ್ ಬಂದರೆ ಅಥವಾ ಕೂದಲೆಳೆಯಲ್ಲಿ ಏನಾದರೂ ಅನಾಹುತ ತಪ್ಪಿದರೆ ವರ್ಷ ಮುಗಿಯುವವರೆಗೆ ಕಾಯದೆ ಮತ್ತೆ ತರಬೇತಿ. ಗೊಣಗಾಟ ಪೂರ್ತಿ ನಿಂತಿಲ್ಲ, ನಿಲ್ಲೋದೂ ಇಲ್ಲ ಬಿಡಿ.

ತಲೆನೋವಾಗಿದ್ದು ಗುತ್ತಿಗೆ. ಕಂಟ್ರಾಕ್ಟರ್ ಬದಲಾದ ಕೂಡಲೇ ಕಲಿತವರೆಲ್ಲ ಹೋಗಿ ಹೊಸಬರು ಬರುತ್ತಾರೆ. ಹಾಗಾಗಿ ಟೆಂಡರ್‌ನಲ್ಲೇ ಒಂದು ಷರತ್ತು ಸೇರಿಸಿದೆ: ಕನ್ನಡದಲ್ಲಿ ತರಬೇತಿ ಆಗುವ ತನಕ ಗೇಟ್ ಪಾಸ್ ಇಲ್ಲ, ತರಬೇತಿಯ ದಿನಕ್ಕೂ ಕೂಲಿ ಕೊಡಬೇಕು. ಅಕೌಂಟ್ಸ್‌ನವರು ಎರಡನೇ ಸಾಲನ್ನು ಹೊಡೆದುಹಾಕಿ ಕಳಿಸಿದ್ದರು. ಮತ್ತೆ ಬರೆದು ಕಳಿಸಿದ್ದೇನೆ.