ಸೋಮವಾರದ ಮಾತ್ರೆ

ತೀರ್ಥಹಳ್ಳಿ ಹತ್ತಿರದ ಒಂದು ವೃದ್ಧಾಶ್ರಮದಲ್ಲಿ ನಾನು ನರ್ಸ್. 32 ಹಿರಿಯರಿದ್ದಾರೆ. ಔಷಧಿ ಬರೆಯುವುದನ್ನು ಕಂಪ್ಯೂಟರಿಗೆ ತರಲೇಬೇಕೆಂದು ನಾನು ಹಠ ಹಿಡಿದದ್ದು ಒಬ್ಬ ಅಜ್ಜಿಯ ದೆಸೆಯಿಂದ.

ಸಂಧಿವಾತಕ್ಕೆಂದು ಅವರಿಗೆ ಮೆಥೊಟ್ರೆಕ್ಸೇಟ್ ಬರೆದಿದ್ದರು. ಸಂಧಿವಾತಕ್ಕೆ ಅದನ್ನು ವಾರಕ್ಕೆ ಒಂದೇ ದಿನ ಕೊಡಬೇಕು, ಅಜ್ಜಿಗೆ ಸೋಮವಾರ. ಡಿಸ್ಚಾರ್ಜ್ ಚೀಟಿಯನ್ನು ನಮ್ಮ ರಿಜಿಸ್ಟರಿಗೆ ಇಳಿಸುವಾಗ ‘ವಾರಕ್ಕೆ’ ಎಂಬ ಒಂದು ಪದ ಬಿಟ್ಟುಹೋಯಿತು. ಆರು ದಿನ ದಿನವೂ ಕೊಟ್ಟೆವು. ಬಾಯೆಲ್ಲ ಹುಣ್ಣು. “ಗಂಜಿ ಇಳಿಯೂದೇ ಇಲ್ಲ ಮಾರಾಯ್ತಿ” ಅಂದಾಗ ಚೀಟಿ ತೆಗೆದು ನೋಡಿ ನನ್ನ ಕೈಕಾಲು ತಣ್ಣಗಾದವು. ಶಿವಮೊಗ್ಗಕ್ಕೆ ಒಯ್ದೆವು. ಮೆಥೊಟ್ರೆಕ್ಸೇಟ್ ಹೆಚ್ಚಾದದ್ದಕ್ಕೆ ಮದ್ದಾಗಿ ಫೋಲಿನಿಕ್ ಆಸಿಡ್ ಕೊಟ್ಟರು, ಅಜ್ಜಿ ಉಳಿದರು.

ಕಂಪ್ಯೂಟರ್ ತರಿಸುವುದು ಸುಲಭ. ಅದರೊಳಗೆ ಏನು ತುಂಬಬೇಕು ಎಂಬುದೇ ದೊಡ್ಡ ಕೆಲಸ. ಮೊದಲು ಪ್ರತಿಯೊಬ್ಬರ ಮಾತ್ರೆ ಡಬ್ಬಿಯನ್ನೂ ಡಾಕ್ಟ್ರ ಮುಂದೆ ಸುರಿದೆವು. ಒಬ್ಬ ಅಜ್ಜ ಒಂದೇ ಬಿಪಿ ಮಾತ್ರೆಯನ್ನು ಎರಡು ಕಂಪನಿ ಹೆಸರಿನಲ್ಲಿ ನುಂಗುತ್ತಿದ್ದರು! ಹಾಗಾಗಿ ಕಂಪನಿ ಹೆಸರು ಬಿಟ್ಟು ಮೂಲ (ಜೆನೆರಿಕ್) ಹೆಸರಿನಲ್ಲೇ ಔಷಧಿ ದಾಖಲಿಸಿದೆವು. ವೈದ್ಯರು ಮೂಲ ಹೆಸರನ್ನೇ ಸ್ಪಷ್ಟವಾಗಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2016ರ ತಿದ್ದುಪಡಿಯೂ ಹೇಳಿತ್ತು. ವಾರದ ಔಷಧಿಗೆ ಯಾವ ದಿನ ಎಂದು ಆರಿಸದಿದ್ದರೆ ಕಂಪ್ಯೂಟರಿನಲ್ಲಿ ಆ ಔಷಧಿಯ ಆದೇಶ ಸೇವ್ ಆಗುವುದೇ ಇಲ್ಲ, ಹಾಗೆ ಮಾಡಿಸಿಕೊಂಡೆ. ನನಗೆ ಎಲ್ಲಕ್ಕಿಂತ ಸಮಾಧಾನ ಕೊಟ್ಟದ್ದು ಇದು.

ಎರಡು ಕಡೆ ಎಡವಿದೆವು. ಭದ್ರವಾಗಿರಲೆಂದು ರಿಜಿಸ್ಟರ್, ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ನಡೆಸಿದೆವು. ಒಂದರಲ್ಲಿ ನಿಲ್ಲಿಸಿದ ಮಾತ್ರೆ ಇನ್ನೊಂದರಲ್ಲಿ ಉಳಿದುಬಿಟ್ಟಿತು. ಆಮೇಲೆ ಒಂದೊಂದೇ ಕೋಣೆಯವರನ್ನು ಪೂರ್ತಿಯಾಗಿ ಬದಲಾಯಿಸಿದೆವು. ಕಂಪ್ಯೂಟರ್ ಕೊಡುವ ಎಚ್ಚರಿಕೆಗಳೂ ಅಷ್ಟೇ. ಸಣ್ಣಪುಟ್ಟದಕ್ಕೆಲ್ಲ ಪರದೆ ಕೆಂಪಾದರೆ ಯಾರೂ ಓದುವುದಿಲ್ಲ, ಒತ್ತಿ ಮುಂದೆ ಹೋಗುತ್ತಾರೆ. ಅಲರ್ಜಿ, ಒಂದೇ ಔಷಧಿ ಎರಡು ಸಲ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಜೊತೆ ನೋವಿನ ಮಾತ್ರೆ, ಇಂಥ ಕೆಲವನ್ನಷ್ಟೇ ಉಳಿಸಿಕೊಂಡೆವು.

ಡಾಕ್ಟ್ರು ಬರುವುದು ವಾರಕ್ಕೆ ಎರಡು ದಿನ. ಉಳಿದ ದಿನ ಫೋನಿನಲ್ಲಿ ಹೇಳಿದ್ದನ್ನು ಟೈಪ್ ಮಾಡಿ, ಅವರಿಗೇ ಓದಿ ಹೇಳುತ್ತೇವೆ. ಅವರು ತಮ್ಮ ಮೊಬೈಲಿನಲ್ಲಿ ಒಪ್ಪಿಗೆ ಒತ್ತುತ್ತಾರೆ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಅದಕ್ಕೆ ದಿನಾ ಸಂಜೆ ಆರಕ್ಕೆ ಮರುದಿನದ ಪಟ್ಟಿ ಪ್ರಿಂಟ್ ತೆಗೆದು, ಹಳೆಯದನ್ನು ಹರಿದು ಹಾಕುತ್ತೇವೆ.

ಆಸ್ಪತ್ರೆಯಿಂದ ಬರುವ ಚೀಟಿ ಮಾತ್ರ ಇಂದಿಗೂ ಕಾಗದವೇ. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಟೈಪ್ ಮಾಡುತ್ತಾರೆ. ಡಾಕ್ಟ್ರು ಒಪ್ಪುವ ತನಕ ಡಬ್ಬಿ ತೆಗೆಯುವುದಿಲ್ಲ.